ತೇಪೆ ಹೊರಗಿರುವ ಜಾಕೆಟ್

ಕಲಬುರಗಿಯಲ್ಲಿ ಸ್ಟ್ರೀಟ್‌ವೇರ್ ಅಂದರೆ ಬಹಳ ಜನರ ಕಣ್ಣಿಗೆ ಬರುವುದು ಎದೆ ಮೇಲೆ ದಪ್ಪ ಇಂಗ್ಲಿಷ್ ಅಕ್ಷರ ಇರುವ ಟೀ ಶರ್ಟ್. ಸೂಪರ್ ಮಾರ್ಕೆಟ್ ಅನ್ನುವ ಬಜಾರಿನ ಕಡೆ ತಳ್ಳುಗಾಡಿಯಲ್ಲೂ ಕೆಂಪು ಪಟ್ಟಿಯಲ್ಲಿ ಸುಪ್ರೀಮ್ ಅಂತ ಬರೆದದ್ದು ಸಿಗುತ್ತದೆ. ಅದು ನಕಲಿ ಅಂತ ನನಗೇನೂ ಬೇಜಾರಿಲ್ಲ. 1994ರಲ್ಲಿ ನ್ಯೂಯಾರ್ಕಿನಲ್ಲಿ ಸ್ಕೇಟ್‌ಬೋರ್ಡ್ ಹುಡುಗರ ಅಂಗಡಿಯಾಗಿ ಶುರುವಾದ ಆ ಬ್ರಾಂಡೇ ತನ್ನ ಕೆಂಪು ಪಟ್ಟಿಯನ್ನು ಬಾರ್ಬರಾ ಕ್ರೂಗರ್ ಎಂಬ ಕಲಾವಿದೆಯ ಶೈಲಿ ನೋಡಿ ಮಾಡಿಕೊಂಡದ್ದು. ಆಕೆ ಅದೇ ಶೈಲಿಯಲ್ಲಿ ಕೊಳ್ಳುವ ಹುಚ್ಚನ್ನು ಗೇಲಿ ಮಾಡಿದವರು. 2020ರಲ್ಲಿ ಆ ಕಂಪನಿ 210 ಕೋಟಿ ಡಾಲರಿಗೆ ಮಾರಾಟವಾಯಿತು. ಅಲ್ಲಿಗೆ ಅಕ್ಷರದ ಬಂಡಾಯ ಮುಗಿಯಿತು ಅಂತ ನನ್ನ ಲೆಕ್ಕ.

ಸ್ಟ್ರೀಟ್‌ವೇರಿನಲ್ಲಿ ನನಗೆ ಹಿಡಿಸಿದ್ದು ಬಟ್ಟೆಯ ಅಳತೆ. 1943ರ ಜೂನ್‌ನಲ್ಲಿ ಲಾಸ್ ಏಂಜಲೀಸಿನಲ್ಲಿ ಝೂಟ್ ಸೂಟ್ ಗಲಾಟೆ ಆಯಿತು. ಮೆಕ್ಸಿಕನ್ ಮೂಲದ ಹುಡುಗರು ಮೊಣಕಾಲಿನ ತನಕ ಬರುವ ಕೋಟು, ದೊಗಳೆ ಪ್ಯಾಂಟು ಹಾಕುತ್ತಿದ್ದರು, ಅದೇ ಝೂಟ್ ಸೂಟ್. ಯುದ್ಧದ ಕಾಲ, ಬಟ್ಟೆ ಎಷ್ಟು ಬಳಸಬೇಕು ಅಂತ ಸರ್ಕಾರದ ನಿಯಮ ಇತ್ತು. ನೌಕಾಪಡೆಯ ಸೈನಿಕರು ಈ ಹುಡುಗರನ್ನು ಬೀದಿಯಲ್ಲಿ ಹಿಡಿದು ಹೊಡೆದು, ಸೂಟು ಬಿಚ್ಚಿಸಿದರು. ಹಿಂದೆ ಇದ್ದದ್ದು ಜನಾಂಗ ದ್ವೇಷ, ನೆಪ ಮಾತ್ರ ಜಾಸ್ತಿ ಬಟ್ಟೆ.

ನಮ್ಮಪ್ಪ ಟೇಲರ್. ಶಾಲೆ ಯೂನಿಫಾರ್ಮ್, ಪ್ಯಾಂಟು, ಸಫಾರಿ. ಅವರು ಯಾವ ಬಟ್ಟೆಯನ್ನಾದರೂ ಹೊಗಳಿದರೆ ಅದು ಫಿಟಿಂಗ್‌ಗೆ. ನಾನೂ ಆ ಅಂಗಡಿಯಲ್ಲೇ ಕಲಿತವಳು. ಆದರೆ ಹುಡುಗಿಯ ಮೈಗೆ ಬಟ್ಟೆ ಸರಿಯಾಗಿ ಕೂತರೂ ಓಣಿಯಲ್ಲಿ ಮಾತು, ಕೂರದಿದ್ದರೂ ಮಾತು. ನೋಡಿದವರಿಗೆ ಮೈಯ ಅಳತೆಯೇ ಸಿಗದಂಥದ್ದು ಹೊಲಿಯಬೇಕು ಅನ್ನಿಸಿತು.

ಎಕ್ಸ್‌ಎಲ್ ತಂದು ಹಾಕಿಕೊಂಡರೆ ಆಯಿತಲ್ಲ ಅನ್ನುತ್ತಾರೆ. ಆಗಲ್ಲ. ದೊಡ್ಡ ಸೈಜಿನಲ್ಲಿ ಕೊರಳೂ ಅಗಲ ಆಗುತ್ತದೆ, ಉದ್ದವೂ ಏರುತ್ತದೆ. ಅಣ್ಣನ ಅಂಗಿ ಇಸ್ಕೊಂಡು ಹಾಕಿದಂಗೆ ಕಾಣುತ್ತದೆ. ಓವರ್‌ಸೈಜ್ ಕಟಿಂಗಿನಲ್ಲಿ ಕೊರಳು ನಿಮ್ಮದೇ ಅಳತೆ. ಭುಜದ ಗೆರೆಯನ್ನು ಎಲುಬಿನಿಂದ ಎರಡೂವರೆ, ಮೂರು ಇಂಚು ತೋಳಿನ ಮೇಲೆ ಇಳಿಸಬೇಕು. ಎದೆ ಸುತ್ತಳತೆಗೆ ಹತ್ತು ಹನ್ನೆರಡು ಇಂಚು ಸಡಿಲ. ಉದ್ದ ಮಾತ್ರ ಸೊಂಟ ದಾಟಿ ಸ್ವಲ್ಪಕ್ಕೇ ನಿಲ್ಲಬೇಕು. ಆರ್ಮ್‌ಹೋಲ್, ಅಂದರೆ ತೋಳು ಕೂರಿಸುವ ಕಂಡಿ, ಹೆಚ್ಚುಕಮ್ಮಿ ನೇರ ಗೆರೆ. ತೋಳಿನ ಮೇಲ್ತುದಿಯ ಗುಂಡು ಎರಡು ಇಂಚಿಗಿಂತ ಎತ್ತರ ಬೇಡ.

ಈ ಕಟಿಂಗ್ ಕೈಗೆ ಬಂದ ಮೇಲೆ ಕೌದಿಗೆ, ಅಂದರೆ ತೇಪೆಯ ಹೊದಿಕೆಗೆ, ಕೈ ಹಾಕಿದೆ. ನಮ್ಮ ಆಯಿ (ಅಜ್ಜಿ) ಹಳೆ ಸೀರೆ, ಮುತ್ಯಾನ (ಅಜ್ಜನ) ದೋತರ ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ ಸಾಲು ಸಾಲಾಗಿ ದಾರ ಓಡಿಸುತ್ತಿದ್ದರು. ಮುತ್ಯಾ ಎಂ.ಎಸ್.ಕೆ. ಬಟ್ಟೆ ಮಿಲ್ಲಿನಲ್ಲಿ ದುಡಿದವರು. ನಿಜಾಮರ ಕಾಲದ ಆ ಮಿಲ್ಲು ಮುಚ್ಚಿ, ಈಗ ಏರಿಯಾದ ಹೆಸರಲ್ಲಷ್ಟೇ ಉಳಿದಿದೆ. ಬಟ್ಟೆಯ ಬೆಲೆ ಗೊತ್ತಿದ್ದ ಮನೆ, ಒಂದು ತುಂಡೂ ಹಾಳಾಗುತ್ತಿರಲಿಲ್ಲ. ಆದರೂ ಬೀಗರು ಬಂದರೆ ಕೌದಿ ಮಡಚಿ ಒಳಗಿಟ್ಟು ಸೋಲಾಪುರ ಚಾದರ ಹಾಸುವುದು. ತೇಪೆ ಅಂದರೆ ಬಡತನ, ಮಂದಿಗೆ ಕಾಣಬಾರದು. ನನ್ನ ಜಗಳ ಇರುವುದು ಇದರ ಜೊತೆ. ಲಾಸ್ ಏಂಜಲೀಸಿನ ಆ ಹುಡುಗರಿಗೆ ಬಟ್ಟೆ ಜಾಸ್ತಿಯಾದದ್ದು ತಪ್ಪಾಯಿತು. ನಮ್ಮಲ್ಲಿ ಹಳೆ ಬಟ್ಟೆ ಕಂಡರೆ ಮಾನ ಹೋಗುತ್ತದೆ. ಹಾಗಾದರೆ ಅದನ್ನೇ ಬೆನ್ನ ಮೇಲೆ ಹಾಕಿಕೊಂಡು ಬಜಾರಿಗೆ ಹೋಗೋಣ ಅಂದುಕೊಂಡೆ.

ಮಾಡುವ ರೀತಿ ಹೀಗೆ. ಹೊದೆಯುವ ಕೌದಿಯ ದಪ್ಪ ಜಾಕೆಟ್ಟಿಗೆ ನಡೆಯಲ್ಲ. ಒಳಗೆ ಒಂದು ಪದರ, ಮೇಲೆ ತೇಪೆಯ ಪದರ, ಅಷ್ಟೇ. ಹತ್ತಿ ಸೀರೆ ಇದ್ದರೆ ಹತ್ತಿಯೇ ಇರಲಿ. ಪಾಲಿಯೆಸ್ಟರ್ ಸೇರಿಸಿದರೆ ಒಗೆದ ಮೇಲೆ ಹತ್ತಿ ಮುದುಡುತ್ತದೆ, ಅದು ಮುದುಡಲ್ಲ, ಬೆನ್ನೆಲ್ಲ ಉಬ್ಬು. ಕೆಂಪು, ಕಡುನೀಲಿ ತುಂಡನ್ನು ಒದ್ದೆ ಬಿಳಿ ಬಟ್ಟೆ ಮೇಲೆ ಒತ್ತಿ, ಬಣ್ಣ ಬಿಡುತ್ತಾ ಅಂತ ಮೊದಲೇ ನೋಡಿಕೊಳ್ಳಿ. ಕೈಹೊಲಿಗೆ ಹಾಕುತ್ತಾ ಹೋದಂತೆ ಬಟ್ಟೆ ಒಳಕ್ಕೆ ಎಳೆದುಕೊಂಡು ಚಿಕ್ಕದಾಗುತ್ತದೆ. ಅದಕ್ಕೆ ಪ್ರತಿ ಬದಿಗೆ ಎರಡು ಇಂಚು ಜಾಸ್ತಿ ಇಟ್ಟು, ಹೊಲಿದು ಮುಗಿದ ಮೇಲೆಯೇ ಪ್ಯಾಟರ್ನ್ (ಕಟಿಂಗಿನ ಕಾಗದದ ನಮೂನೆ) ಇಟ್ಟು ಗೆರೆ ಹಾಕಬೇಕು. ಗೆರೆಯ ಕಾಲಿಂಚು ಒಳಗೆ ಮಷಿನ್ ಹೊಲಿಗೆ ಹೊಡೆದು ಆಮೇಲೆ ಕತ್ತರಿ. ಇಲ್ಲದಿದ್ದರೆ ಕೈಹೊಲಿಗೆಯೆಲ್ಲ ಅಂಚಿನಲ್ಲಿ ಬಿಚ್ಚಿಕೊಳ್ಳುತ್ತದೆ. ಸೂಜಿ 16 ಅಥವಾ 18 ನಂಬರ್. ಒಳಗಿನ ಅಂಚುಗಳಿಗೆ ಕ್ರಾಸ್ ಪಟ್ಟಿ, ಅಂದರೆ ಓರೆಯಾಗಿ ಕತ್ತರಿಸಿದ ಬಟ್ಟೆಯ ಪಟ್ಟಿ.

ಕೌದಿಗೂ ಆ ದೊಗಳೆ ಕಟಿಂಗಿಗೂ ಒಳ್ಳೆ ಜೋಡಿ. ಫಿಟಿಂಗ್ ಇರುವ ತೋಳಿನ ಗುಂಡು ತುದಿಯನ್ನು ಸ್ವಲ್ಪ ಸ್ವಲ್ಪ ಮುದುಡಿ ಆರ್ಮ್‌ಹೋಲಿಗೆ ಕೂರಿಸಬೇಕಾಗುತ್ತದೆ. ಹೊಲಿಗೆ ತುಂಬಿದ ಕೌದಿ ಹಾಗೆ ಮುದುಡಲು ಒಪ್ಪಲ್ಲ. ನೇರ ಆರ್ಮ್‌ಹೋಲ್ ಇದ್ದರೆ ಸುಮ್ನೆ ಒಂದು ಉದ್ದ ಹೊಲಿಗೆ. ಇದನ್ನು ಅಪ್ಪನಿಗೆ ಮಷಿನ್ ಮೇಲೆ ತೋರಿಸಿದೆ. ಅವರು ಮಾತಾಡಲಿಲ್ಲ, ಆದರೆ ಕಾಲರ್ ತಾವೇ ಕತ್ತರಿಸಿಕೊಟ್ಟರು.

ಆಯಿಯ ತಕರಾರು ಬೇರೆ. "ಏನವ್ವ ಇದು, ಹೊದ್ಕೊಳ್ಳೋದು ಮೈಮ್ಯಾಲ ಹಾಕ್ಕೊಂಡು ತಿರಗ್ಲತ್ತೀದಿ? ಮಂದಿ ಏನಂತಾರ?" ಅಂದರು. ಆಮೇಲೆ ಕೈಯಲ್ಲಿ ಹಿಡಿದು, "ಟಾಕಾ ಎಷ್ಟ್ ಉದ್ದ ಹಾಕೀದಿ, ಬೆರಳ್ ಸಿಗ್ತದ ನೋಡ್" ಅಂತ ಬೈದರು. ಬೈಗುಳ ಖರೆ ಇತ್ತು. ಹಾಸಿಗೆಯಲ್ಲಿ ನಡೆಯುವ ಉದ್ದ ಹೊಲಿಗೆ ಬಸ್ಸಿನ ಕಂಬಿ, ಬ್ಯಾಗಿನ ಜಿಪ್ಪಿಗೆ ಸಿಕ್ಕಿಕೊಳ್ಳುತ್ತದೆ.

ಈಗ ಕೈಹೊಲಿಗೆ ಆಳಂದ ಕಡೆಯ ಹಳ್ಳಿಯ ಹೆಣ್ಮಕ್ಕಳದ್ದು, ಕಟಿಂಗ್ ನನ್ನದು, ಬೆಲೆಯಲ್ಲಿ ಅರ್ಧ ಅವರಿಗೆ. ತುಂಡುಗಳ ಬಣ್ಣ ಅವರೇ ಆರಿಸುತ್ತಾರೆ. ನಾನು ಆರಿಸಿದರೆ ಎಲ್ಲ ಒಂದಕ್ಕೊಂದು ಹೊಂದಿಕೊಂಡು ಸಪ್ಪೆ ಆಗುತ್ತದೆ. ಅವರು ಗುಲಾಬಿ ಪಕ್ಕಕ್ಕೆ ಗಿಳಿಹಸಿರು ಇಡುತ್ತಾರೆ, ಎದ್ದು ಕಾಣುತ್ತದೆ. ಬೆಂಗಳೂರಿನಿಂದ ಕೇಳುವವರಿಗೆ ತೇಪೆ ಇನ್ನೂ ಜಾಸ್ತಿ ಬೇಕು. ಊರಿನವರು ಇದೇ ಕಟಿಂಗ್ ಹೊಸ ಬಟ್ಟೆಯಲ್ಲಿ ಕೊಡ್ರಿ ಅನ್ನುತ್ತಾರೆ. ನಮ್ಮೂರಲ್ಲಿ ತೇಪೆಯ ಜೊತೆಗೇ ಹಾಕಿಕೊಂಡು ಓಡಾಡಿದವರು ಮೊದಲಿಗೆ ಡ್ಯಾನ್ಸ್ ಹುಡುಗರು, ಆಮೇಲೆ ಕಾಲೇಜು ಹುಡುಗಿಯರು. ಹುಡುಗರಿಗೆ ಅದು ಸ್ಟೈಲ್. ಹುಡುಗಿಯರು ಮನೆಯಲ್ಲಿ ವಾದ ಮಾಡಿ ಹಾಕಿಕೊಂಡು ಬರಬೇಕು, ಅವರ ಧೈರ್ಯವೇ ಬೇರೆ.

ಮೇ ತಿಂಗಳಲ್ಲಿ 42, 43 ಡಿಗ್ರಿ ಇರುವ ಊರಿನಲ್ಲಿ ಎರಡು ಪದರವೂ ಶಿಕ್ಷೆ. ಆಗ ತೋಳಿಲ್ಲದ್ದು ಹೊಲಿಯುತ್ತೇನೆ, ಬೆನ್ನಿಗೆ ಮಾತ್ರ ಕೌದಿ, ಮುಂದೆ ತೆಳು ಹತ್ತಿ. ಪ್ಯಾಟರ್ನ್ ಹಳೆ ಪೇಪರಿನ ಮೇಲೆ ಬರೆದಿಟ್ಟಿದ್ದೇನೆ, ಕೇಳಿದವರಿಗೆ ಫೋಟೋ ಕಳಿಸುತ್ತೇನೆ. ಒಂದೇ ಷರತ್ತು, ಬಟ್ಟೆ ನಿಮ್ಮ ಮನೆಯ ಟ್ರಂಕಿನದ್ದೇ ಇರಬೇಕು. ಅಂಗಡಿಯಿಂದ ಹೊಸ ಬಟ್ಟೆ ತಂದು ಕತ್ತರಿಸಿ ತೇಪೆ ಮಾಡುವವರಿಗೆ ಕೊಡುವುದಿಲ್ಲ.