ಸ್ವಿಟ್ಜರ್‌ಲೆಂಡಿನಲ್ಲಿ ಪ್ರಧಾನಿ ಯಾರು ಎಂದು ಹುಡುಕಬೇಡಿ

ಇಲ್ಲಿ ಪ್ರಧಾನಿಯೇ ಇಲ್ಲ. ಸಂಸತ್ತು ಆರಿಸಿದ 7 ಮಂದಿ ಕೂಡಿ ಸರ್ಕಾರ ನಡೆಸುತ್ತಾರೆ, ಅವರಲ್ಲೇ ಒಬ್ಬರು ಒಂದು ವರ್ಷದ ಮಟ್ಟಿಗೆ ಅಧ್ಯಕ್ಷರು. ನಾಲ್ಕು ದೊಡ್ಡ ಪಕ್ಷಗಳೂ ಸರ್ಕಾರದೊಳಗೇ ಕೂತಿರುವಾಗ ವಿರೋಧಪಕ್ಷದ ಕೆಲಸ ಮಾಡುವವರು ಯಾರು? ಮತದಾರರು.

ನಾವು ಬಲ್ಲದ್ದು ಪ್ರಾತಿನಿಧಿಕ ಪ್ರಜಾಪ್ರಭುತ್ವ: ಆರಿಸಿ ಕಳಿಸಿದವರು ಮಾಡಿದ್ದೇ ಕಾನೂನು. ಜನರೇ ಸೇರಿ ತೀರ್ಮಾನಿಸಿದರೆ ಅದು ನೇರ ಪ್ರಜಾಪ್ರಭುತ್ವ. ಗ್ಲಾರುಸ್ ಕ್ಯಾಂಟನ್ನಿನಲ್ಲಿ (ಕ್ಯಾಂಟನ್ ಎಂದರೆ ನಮ್ಮ ರಾಜ್ಯದಂಥದ್ದು) ಜನ ಈಗಲೂ ಬಯಲಲ್ಲಿ ನೆರೆದು ಕೈಯೆತ್ತಿ ಮತ ಹಾಕುತ್ತಾರೆ. ಆದರೆ ಒಟ್ಟು ದೇಶದ್ದು ಎರಡರ ಬೆರಕೆ. ಸಂಸತ್ತು ಮಾಡಿದ ಕಾನೂನು ಹಿಡಿಸದಿದ್ದರೆ 100 ದಿನದೊಳಗೆ 50,000 ಸಹಿ ಕೂಡಿಸಿ, ಅದು ಜನಮತಕ್ಕೆ ಬರಲೇಬೇಕು. 18 ತಿಂಗಳಲ್ಲಿ 1 ಲಕ್ಷ ಸಹಿಯಾದರೆ ಸಂವಿಧಾನದ ತಿದ್ದುಪಡಿಯನ್ನೇ ಮುಂದಿಡಬಹುದು. ಬೀದಿಯಲ್ಲಿ ಕಾಗದ ಹಿಡಿದು ನಿಂತವರು ಮಾತಾಡಿಸಿದರೆ ಚಂದಾ ಕೇಳಲು ಬಂದರೆಂದು ತಪ್ಪಿಸಿಕೊಳ್ಳಬೇಡಿ, ಬಹುಶಃ ಸಹಿ ಕೇಳುತ್ತಿರುತ್ತಾರೆ. ನಾಗರಿಕರಲ್ಲದವರ ಸಹಿ ಲೆಕ್ಕಕ್ಕಿಲ್ಲ, ಹಾಗೆಂದು ಹೇಳಿದರಾಯಿತು.

ತಿದ್ದುಪಡಿ ಗೆಲ್ಲಲು ಜನರ ಬಹುಮತದ ಜೊತೆಗೆ ಕ್ಯಾಂಟನ್‌ಗಳ ಬಹುಮತವೂ ಬೇಕು. ಆ ಎಣಿಕೆಯಲ್ಲಿ ದೈತ್ಯ ಜ್ಯೂರಿಕ್‌ಗೂ ಪುಟಾಣಿ ಊರಿ (Uri) ಕ್ಯಾಂಟನ್ನಿಗೂ ಒಂದೊಂದೇ ಮತ. ವಿದೇಶಗಳಲ್ಲಿ ಕಂಪನಿಗಳು ಮಾಡುವ ಹಾನಿಗೆ ಅವನ್ನೇ ಹೊಣೆ ಮಾಡುವ ಪ್ರಸ್ತಾಪಕ್ಕೆ 2020ರಲ್ಲಿ ಶೇ. 50.7 ಮತ ಬಿತ್ತು. ಕ್ಯಾಂಟನ್‌ಗಳು ಒಪ್ಪದೆ ಬಿದ್ದುಹೋಯಿತು.

ಈ ಜನ ಲಾಭ ಕಂಡದ್ದಕ್ಕೆಲ್ಲ ಕೈಯೆತ್ತುವವರಲ್ಲ. ವರ್ಷಕ್ಕೆ ಆರು ವಾರ ರಜೆ ಕೊಡುತ್ತೇವೆಂದರೆ 2012ರಲ್ಲಿ ಬೇಡವೆಂದರು! ಹಾಗೆಂದು ಎಲ್ಲ ತೀರ್ಪೂ ಮೆಚ್ಚುವಂಥದ್ದಲ್ಲ. ಸರ್ಕಾರ, ಸಂಸತ್ತು ಎರಡೂ ಬೇಡವೆಂದರೂ 2009ರಲ್ಲಿ ಹೊಸ ಮಿನಾರುಗಳನ್ನು ನಿಷೇಧಿಸಿದರು. ಹೆಂಗಸರಿಗೆ ಮತ ಕೊಡಬೇಕೇ ಎಂದು ಗಂಡಸರನ್ನೇ ಕೇಳಬೇಕಿದ್ದರಿಂದ 1959ರಲ್ಲಿ ಇಲ್ಲವೆಂಬ ಉತ್ತರ ಬಂತು. ರಾಷ್ಟ್ರಮಟ್ಟದಲ್ಲಿ ಅವರಿಗೆ ಮತ ಸಿಕ್ಕಿದ್ದು 1971ರಲ್ಲಿ. ಭಾರತದ ಹೆಂಗಸರು ಮೊದಲ ಮಹಾಚುನಾವಣೆಯಲ್ಲೇ ಮತ ಹಾಕಿ ಆಗ ಸುಮಾರು ಇಪ್ಪತ್ತು ವರ್ಷ ಕಳೆದಿತ್ತು. ನನ್ನ ಮಟ್ಟಿಗೆ, ಬಹುಮತವೂ ನ್ಯಾಯವೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನು ಇಲ್ಲಿ ನೆಲೆಸಿದ ಭಾರತೀಯರಾದ ನಮ್ಮ ಪಾಡು. ರಾಷ್ಟ್ರಮಟ್ಟದಲ್ಲಿ ವಿದೇಶಿಯರಿಗೆ ಮತವಿಲ್ಲ. ನ್ಯೂಶಾಟೆಲ್, ಜೂರಾ ಕ್ಯಾಂಟನ್‌ಗಳಲ್ಲಿ ಹಲವು ವರ್ಷ ನೆಲೆಸಿದವರಿಗೆ ಕ್ಯಾಂಟನ್ ಮಟ್ಟದಲ್ಲೂ ಮತವಿದೆ. ಜಿನೀವಾದಲ್ಲಿರುವವರಿಗೆ, ಈ ದೇಶದಲ್ಲಿ 8 ವರ್ಷ ಕಳೆದಿದ್ದರೆ, ಊರಮಟ್ಟದಲ್ಲಿ ಮಾತ್ರ. ಪೌರತ್ವಕ್ಕೆ ಸಾಮಾನ್ಯವಾಗಿ 10 ವರ್ಷದ ವಾಸ ಬೇಕು, ಪಡೆದರೆ ಭಾರತದ್ದು ಹೋಗುತ್ತದೆ. ಅಲ್ಲಿಯವರೆಗೆ ಮನವಿ ಸಲ್ಲಿಸುವ ಹಕ್ಕಂತೂ ಯಾರಿಗೂ ಇದೆ. ಮನವಿ ತಲುಪಿತೆಂದು ಅಧಿಕಾರಿಗಳು ಗಮನಕ್ಕೆ ತೆಗೆದುಕೊಳ್ಳಲೇಬೇಕು, ಕೇಳಿದ್ದನ್ನು ಮಾಡಲೇಬೇಕೆಂದೇನಿಲ್ಲ.