ಕ್ರೌಡ್‌ಫಂಡಿಂಗ್ ಮಾಡ್ತೀರಾ? ಮೊದಲು ಒಂದು ಚೀಲದ ಲೆಕ್ಕ ಹಾಕಿ

ಕೈಕೆಲಸದವರು ಕ್ರೌಡ್‌ಫಂಡಿಂಗ್‌ಗೆ, ಅಂದರೆ ಆನ್‌ಲೈನ್‌ನಲ್ಲಿ ಹಲವರಿಂದ ಸ್ವಲ್ಪ ಸ್ವಲ್ಪ ದುಡ್ಡು ಕೂಡಿಸುವುದಕ್ಕೆ, ಇಳಿದು ಕೈಸುಟ್ಟುಕೊಳ್ಳುವುದನ್ನು ಸಾಕಷ್ಟು ನೋಡಿದ್ದೇನೆ. ದುಡ್ಡು ಬರಲಿಲ್ಲ ಅಂತ ಸೋತವರು ಕಮ್ಮಿ. ದುಡ್ಡು ಬಂದ ಮೇಲೆ ಸೋತವರೇ ಜಾಸ್ತಿ. ಗುರಿ ಮುಟ್ಟಿತು ಅಂತ ಸ್ಟೇಟಸ್ ಹಾಕಿರುತ್ತಾರೆ, ಆರು ತಿಂಗಳಾದರೂ ವಸ್ತು ಕಳಿಸಿರುವುದಿಲ್ಲ. ಕಳಿಸಿದ ಒಂದೊಂದಕ್ಕೂ ಮನೆಯ ದುಡ್ಡು ಸೇರಿರುತ್ತದೆ. ಹಾಗಾಗಿ ಇಲ್ಲಿ ವಿಡಿಯೊ, ಪೋಸ್ಟರ್ ಬಗ್ಗೆ ಎರಡೇ ಮಾತು. ಲೆಕ್ಕದ ಬಗ್ಗೆ ಮಾತ್ರ ಉದ್ದಕ್ಕೆ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಧಾರವಾಡದಲ್ಲಿ ನಾಲ್ವರು ಹೆಂಗಸರು ಸೇರಿ ಕಸೂತಿ ಹಾಕಿದ ಕೈಚೀಲ ಮಾಡುತ್ತಾರೆ. ಅವರಿಗೆ ಒಂದು ಒಳ್ಳೆಯ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ದೀಪ, ಸ್ವಲ್ಪ ಬಟ್ಟೆ ದಾಸ್ತಾನು ಬೇಕು. ಒಟ್ಟು 60,000 ರೂಪಾಯಿ. ಇದು ಲೆಕ್ಕ ತೋರಿಸೋಕೆ ಇಟ್ಟುಕೊಂಡ ಅಂಕಿ. ನಿಮ್ಮ ಊರಿನ ದರ, ನಿಮ್ಮ ಕೈಯ ವೇಗ ಹಾಕಿಕೊಂಡು ನೀವೇ ಬದಲಿಸಿಕೊಳ್ಳಿ.

ಹಂತ 1: ಏನು ಕೇಳುತ್ತಿದ್ದೀರಿ ಅಂತ ತೀರ್ಮಾನಿಸಿ

ದಾನ ಕೇಳಬೇಡಿ. ಲಾಭದಲ್ಲಿ ಪಾಲು ಕೊಡುತ್ತೇವೆ, ಬಡ್ಡಿ ಕೊಡುತ್ತೇವೆ ಅಂತಲೂ ಬರೆಯಬೇಡಿ. ಮುಂಗಡ ಬುಕಿಂಗ್ ಅಂತ ಮಾತ್ರ ಕೇಳಿ: ಈಗ ದುಡ್ಡು ಕೊಡಿ, ಇಂಥ ತಿಂಗಳು ಚೀಲ ಕಳಿಸುತ್ತೇವೆ.

ಇದು ಬರೀ ನನ್ನ ಇಷ್ಟದ ಮಾತಲ್ಲ. ಕಂಡಕಂಡವರಿಗೆ ಆನ್‌ಲೈನ್‌ನಲ್ಲಿ ಷೇರು ಕೊಟ್ಟು ಬಂಡವಾಳ ಎತ್ತುವುದಕ್ಕೆ ನಮ್ಮಲ್ಲಿ ಅವಕಾಶವಿಲ್ಲ. ಷೇರುಪೇಟೆಯನ್ನು ನಿಯಂತ್ರಿಸುವ ಸೆಬಿ 2014ರಲ್ಲಿ ಈ ಬಗ್ಗೆ ಚರ್ಚಾಪತ್ರ ತಂದಿತ್ತು, ಅದು ನಿಯಮವಾಗಲಿಲ್ಲ. ಇನ್ನು ‘ವರ್ಷಕ್ಕೆ ಹತ್ತು ಪರ್ಸೆಂಟ್ ಸೇರಿಸಿ ವಾಪಸ್ ಕೊಡುತ್ತೇವೆ’ ಅಂತ ಪೋಸ್ಟರ್ ಹಾಕಿ ಊರವರಿಂದ ದುಡ್ಡು ಎತ್ತಿದರೆ ಅದು ಠೇವಣಿ ಸಂಗ್ರಹವಾಗುತ್ತದೆ. ಅನಿಯಂತ್ರಿತ ಠೇವಣಿಗೆ ತಡೆ ಹಾಕುವ ಕಾಯ್ದೆ 2019ರಲ್ಲಿ ಬಂದಿದೆ, ಶಿಕ್ಷೆ ಜೈಲಿನವರೆಗೂ ಹೋಗುತ್ತದೆ. ವಸ್ತು ಕೊಡುತ್ತೇವೆ ಅಂತ ತೆಗೆದುಕೊಂಡ ಮುಂಗಡ ಮಾತ್ರ ವ್ಯಾಪಾರ. ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ, ವಸ್ತು ಕೊಟ್ಟರೆ!

ಹೊರದೇಶದ ಕನ್ನಡ ಕೂಟದವರು ‘ಸುಮ್ನೆ ಸಹಾಯ ಅಂತ ಹತ್ತು ಸಾವಿರ ಕಳಿಸ್ತೀವಿ’ ಅನ್ನುವುದುಂಟು. ಖುಷಿಯ ವಿಷಯವೇ. ಆದರೆ ಬೇರೆ ದೇಶದ ಪೌರತ್ವ ತೆಗೆದುಕೊಂಡವರು ಕೊಡುವ ದೇಣಿಗೆ ವಿದೇಶಿ ದೇಣಿಗೆ ಕಾಯ್ದೆಯ ಕೆಳಗೆ ಬರುತ್ತದೆ, ಅವರು ಮೂಲತಃ ನಮ್ಮ ಪಕ್ಕದ ಓಣಿಯವರೇ ಆಗಿದ್ದರೂ. ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡ ಅನಿವಾಸಿಗಳಿಗೆ ಈ ತೊಡಕಿಲ್ಲ. ಸುಲಭದ ದಾರಿ: ಎಲ್ಲರಿಗೂ ಚೀಲವನ್ನೇ ಮಾರಿ, ಬಿಲ್ ಕೊಡಿ.

ಹಂತ 2: ಕಾಗದ ಪತ್ರ

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳಿಗೆ ಸರ್ಕಾರ ಮಾಡಿಕೊಡುವ ನೋಂದಣಿ), ಗುಂಪಿನ ಹೆಸರಲ್ಲಿ ಬೇರೆ ಬ್ಯಾಂಕ್ ಖಾತೆ, ಕುಶಲಕರ್ಮಿಗಳ ಗುರುತಿನ ಚೀಟಿ. ಅಷ್ಟೇ. ಉದ್ಯಮ್ ನೋಂದಣಿ ಪೂರ್ತಿ ಉಚಿತ. ಸರ್ಕಾರದ್ದೇ ಅನ್ನುವ ಹಾಗೆ ಕಾಣುವ ಕೆಲವು ಖಾಸಗಿ ಜಾಲತಾಣಗಳು ಇದಕ್ಕೆ ಸಾವಿರಗಟ್ಟಲೆ ಕೇಳುತ್ತವೆ, ಕೊಡಬೇಡಿ. ರಾಜ್ಯದ ಹೊರಗೆ ಮಾರಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನುವುದು ಸಾಮಾನ್ಯ ನಿಯಮ. ಕರಕುಶಲ ವಸ್ತುಗಳಿಗೆ 20 ಲಕ್ಷದ ವಹಿವಾಟಿನವರೆಗೆ ವಿನಾಯಿತಿ ಇದೆ, ಆದರೆ ಷರತ್ತುಗಳಿವೆ. ಒಬ್ಬ ಲೆಕ್ಕಪರಿಶೋಧಕರ ಹತ್ತಿರ ಅರ್ಧ ಗಂಟೆ ಕೂತು ಬನ್ನಿ.

ಹಂತ 3: ಬೆಲೆ. ಎಲ್ಲರೂ ಮುಗ್ಗರಿಸುವುದು ಇಲ್ಲೇ

ಈಗ ಪೆನ್ನು ಹಾಳೆ ತೆಗೆದುಕೊಳ್ಳಿ. ಮೊಬೈಲ್ ಬೇಡ. ನಾಲ್ವರೂ ಒಟ್ಟಿಗೆ ಕೂತು ಹಾಳೆ ಮೇಲೇ ಬರೆಯಿರಿ, ಜಗಳವಾದರೂ ಇಲ್ಲೇ ಆಗಿಹೋಗಲಿ.

ಒಂದು ಚೀಲಕ್ಕೆ ಏನೇನು ಖರ್ಚು? ಬಟ್ಟೆ, ಒಳಪದರ, ದಾರ, ಜಿಪ್: 140 ರೂಪಾಯಿ. ಕಸೂತಿ ಆರು ಗಂಟೆ, ಗಂಟೆಗೆ 70ರಂತೆ: 420. ಚೀಲ ಹೊಲಿಯುವ ಕೂಲಿ: 50. ಕೆಟ್ಟು ಹೋಗುವುದಕ್ಕೆ: 60. ಡಬ್ಬ, ಲೇಬಲ್, ಚೀಟಿ: 35. ಅಂಚೆ ಇಲ್ಲವೇ ಕೊರಿಯರ್: 80. ಒಟ್ಟು 785.

ಈ ಪಟ್ಟಿಯಲ್ಲಿ ಜನ ಬಿಡುವ ಸಾಲುಗಳು ಮೂರು.

ಮೊದಲನೆಯದು ಸ್ವಂತ ಕೂಲಿ. ‘ನಾವೇ ಹಾಕ್ತೀವಲ್ಲ, ಅದಕ್ಕೇನು ಲೆಕ್ಕ?’ ಅನ್ನುತ್ತಾರೆ. ನಲವತ್ತನೇ ಚೀಲದ ಹೊತ್ತಿಗೆ ಕಣ್ಣು ಉರಿಯೋಕೆ ಶುರುವಾದಾಗ ಹೊರಗಿನ ಇಬ್ಬರನ್ನು ಕರೆಯಬೇಕಾಗುತ್ತದೆ. ಅವರು ಪುಕ್ಕಟೆ ಬರುತ್ತಾರಾ? ಬೆಲೆಯಲ್ಲಿ ಇಲ್ಲದ ಕೂಲಿಯನ್ನು ಆಗ ಎಲ್ಲಿಂದ ತರುತ್ತೀರಿ?

ಎರಡನೆಯದು ಕೆಟ್ಟು ಹೋಗುವುದು. ಕಸೂತಿಯಲ್ಲಿ ಬಟ್ಟೆ ಮೇಲೆ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ಎಳೆ ಎಣಿಸಿಯೇ ಹಾಕಬೇಕು, ಗಂಟೂ ಹಾಕಬಾರದು. ಗೋಪುರದ ಚಿತ್ತಾರದ ಬುಡದಲ್ಲಿ ಒಂದು ಎಳೆ ತಪ್ಪಿದರೆ ಮೇಲೆ ಕಳಶ ಕೂಡುವ ಹೊತ್ತಿಗೆ ಎರಡು ಕಡೆಯೂ ಹೊಂದುವುದಿಲ್ಲ. ಬಿಚ್ಚಬೇಕು. ಜೊತೆಗೆ ಬಣ್ಣ ಬಿಡುವ ದಾರ. ಅಗ್ಗ ಅಂತ ಸಂತೆಯಲ್ಲಿ ತಂದ ಕೆಂಪು ದಾರ ಬಿಳಿ ಬಟ್ಟೆ ಮೇಲೆ ಒಂದು ಸಲ ನೀರು ಕಂಡರೆ ಸಾಕು, ಪೂರ್ತಿ ಚೀಲ ಗುಲಾಬಿ. ಪ್ರತಿ ಹೊಸ ಲಡಿಯಿಂದ ಒಂದು ತುಂಡು ಕತ್ತರಿಸಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಬಿಸಿನೀರಲ್ಲಿ ಅದ್ದಿ ನೋಡಿದ ಮೇಲೇ ಬಳಸಿ.

ಮೂರನೆಯದು ಅಂಚೆ. 80 ಅಂತ ಅಂದಾಜಿಗೆ ಬರೆಯಬೇಡಿ. ಒಂದು ಚೀಲವನ್ನು ನಿಜವಾಗಿಯೂ ಡಬ್ಬದಲ್ಲಿ ಹಾಕಿ, ಅಂಟಿಸಿ, ಅಂಚೆ ಕಚೇರಿಯ ತಕ್ಕಡಿ ಮೇಲಿಡಿ. ಮಂಗಳೂರಿಗೆ ಎಷ್ಟು, ದಿಲ್ಲಿಗೆ ಎಷ್ಟು ಅಂತ ಕೇಳಿ. ಜಾಸ್ತಿ ಬಂದದ್ದನ್ನೇ ಬರೆದುಕೊಳ್ಳಿ.

ಈಗ ಬೆಲೆ ಇಡೋಣ. ‘ಅಂಗಡಿಯಲ್ಲಿ ಇಂಥದ್ದು 700ಕ್ಕೆ ಸಿಗುತ್ತೆ, ನಾವೂ 700 ಇಡೋಣ’ ಅನ್ನುವ ಮಾತು ಬಂದೇ ಬರುತ್ತದೆ. ಅಂಗಡಿಯದ್ದು ಬಹುಪಾಲು ಯಂತ್ರದ ಕಸೂತಿ. 700 ಇಟ್ಟರೆ, ಆನ್‌ಲೈನ್‌ನಲ್ಲಿ ದುಡ್ಡು ಪಡೆದುಕೊಡುವ ಕಂಪನಿಯ ಪಾವತಿ ಶುಲ್ಕ ಸುಮಾರು 21 ರೂಪಾಯಿ ಹೋಗಿ ಕೈಗೆ 679. ಖರ್ಚು 785. ಅಂದರೆ ಪ್ರತಿ ಚೀಲಕ್ಕೆ 106 ರೂಪಾಯಿ ನೀವು ಕೊಟ್ಟು ಕಳಿಸುತ್ತೀರಿ. ಇನ್ನೂರು ಚೀಲ ಬುಕ್ ಆದರೆ 21,200 ಸಾಲ. ಯಂತ್ರವೂ ಬರಲಿಲ್ಲ, ಮೇಲೆ ಸಾಲ ಬೇರೆ.

1,100 ಇಡಿ. ಶುಲ್ಕ 33 ಹೋದರೆ 1,067. ಖರ್ಚು ಕಳೆದು ಉಳಿಯುವುದು 282. ಯಂತ್ರ ಬರುವುದು ಈ 282ರಿಂದ, 1,100ರಿಂದ ಅಲ್ಲ. ಬೆಲೆ ಹೇಳೋಕೆ ಸಂಕೋಚವಾದರೆ ಪುಟದಲ್ಲಿ ಈ ಖರ್ಚಿನ ಪಟ್ಟಿಯನ್ನೇ ಹಾಕಿ. ಆರು ಗಂಟೆ ಕೆಲಸ ಅಂತ ಓದಿದವರು ಚೌಕಾಸಿ ಮಾಡುವುದು ಕಮ್ಮಿ.

ಹಂತ 4: ಎಷ್ಟು ಕೈ, ಎಷ್ಟು ಗಂಟೆ

60,000ವನ್ನು 282ರಿಂದ ಭಾಗಿಸಿ. 213 ಚೀಲ. ಒಂದಕ್ಕೆ ಆರು ಗಂಟೆ ಅಂದರೆ 1,278 ಗಂಟೆ. ನಾಲ್ವರು ದಿನಕ್ಕೆ ನಾಲ್ಕು ಗಂಟೆ ಕೂತರೆ ಒಟ್ಟು 16 ಗಂಟೆ. ಅಲ್ಲಿಗೆ 80 ದಿನ. ಭಾನುವಾರ, ಹಬ್ಬ, ಮಕ್ಕಳ ಜ್ವರ, ಊರ ಮದುವೆ ಸೇರಿಸಿದರೆ ನಾಲ್ಕು ತಿಂಗಳು. ‘ಒಂದು ತಿಂಗಳಲ್ಲಿ ನಿಮ್ಮ ಮನೆಗೆ!’ ಅಂತ ಪೋಸ್ಟರ್ ಮಾಡಿಸಿದ್ದರೆ ಈಗಲೇ ಹರಿದು ಹಾಕಿ.

ದಿನಕ್ಕೆ ಎಂಟು ಗಂಟೆ ಯಾಕೆ ಲೆಕ್ಕ ಹಾಕಲಿಲ್ಲ ಅಂತ ಕೇಳುವವರು ಎಳೆ ಎಣಿಸಿ ನೋಡಿದವರಲ್ಲ. ಧಾರವಾಡದ ಮಳೆಗಾಲದಲ್ಲಂತೂ ಮಧ್ಯಾಹ್ನವೇ ಬೆಳಕು ಸಾಲುವುದಿಲ್ಲ. ಕಪ್ಪು ಬಟ್ಟೆ ಮೇಲಿನ ಕೆಲಸ ಅಂದರೆ ಇನ್ನೂ ನಿಧಾನ.

ಇದಕ್ಕೆ ಪರಿಹಾರ ಇದೆ. ಕೈಕೆಲಸ ಕಮ್ಮಿ ಬೇಡುವ ಒಂದು ವಸ್ತುವನ್ನು ಜೊತೆಗೆ ಇಡಿ. ನನ್ನ ಆಯ್ಕೆ ಕಸೂತಿ ಕಲಿಯುವ ಕಿಟ್. ಎಳೆ ಸ್ಪಷ್ಟವಾಗಿ ಕಾಣುವ ಬಟ್ಟೆ, ನಾಲ್ಕು ಬಣ್ಣದ ದಾರ, ಸೂಜಿ, ಚೌಕುಳಿ ಹಾಳೆಯಲ್ಲಿ ಬರೆದ ತುಳಸಿಕಟ್ಟೆ, ನವಿಲು, ಆನೆ ಅಂಬಾರಿ. ಸಾಮಾನು 130, ಪ್ಯಾಕಿಂಗ್ 25, ಅಂಚೆ 60. ಒಟ್ಟು 215. ಬೆಲೆ 450 ಇಟ್ಟರೆ ಶುಲ್ಕ ಕಳೆದು ಸುಮಾರು 221 ಉಳಿಯುತ್ತದೆ. ಆರು ಗಂಟೆಯ ಚೀಲದಲ್ಲಿ 282, ಕೂತಲ್ಲೇ ತುಂಬುವ ಕಿಟ್‌ನಲ್ಲಿ 221! ನೂರು ಚೀಲ, 150 ಕಿಟ್ ಮಾರಿದರೆ 61,350 ಉಳಿಯುತ್ತದೆ. ಕಸೂತಿಯ ಕೆಲಸ 600 ಗಂಟೆಗೆ ಇಳಿಯುತ್ತದೆ, ಅಂದರೆ ಸುಮಾರು 38 ದಿನ. ಎರಡೂವರೆ ತಿಂಗಳು ಅಂತ ಮಾತು ಕೊಡಿ, ಎರಡರಲ್ಲಿ ಕಳಿಸಿ. ಪುಟದಲ್ಲಿ ಚೀಲದ ಸಂಖ್ಯೆ ನೂರಕ್ಕೆ ನಿಲ್ಲಿಸಿ. ‘ಇನ್ನೂ ಕೇಳ್ತಿದಾರೆ’ ಅಂತ ತೆರೆದಿಡಬೇಡಿ.

ಕಪ್, ಟೀ ಶರ್ಟ್, ಕೀಚೈನ್ ಮೇಲೆ ಕಸೂತಿ ಚಿತ್ರ ಮುದ್ರಿಸಿ ಕೊಡೋಣ ಅನ್ನುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಬೇಡ. ಕೈಕೆಲಸ ಅಂತ ಹೇಳಿ ಮುದ್ರಿಸಿದ್ದನ್ನು ಕಳಿಸಿದರೆ ಎರಡನೇ ಸಲ ಯಾರೂ ನಿಮ್ಮ ಹತ್ತಿರ ಬರುವುದಿಲ್ಲ.

ಇನ್ನೊಂದು. ಪುಟದಲ್ಲಿ ಗುರಿ ಎಷ್ಟು ಅಂತ ಬರೆಯುತ್ತೀರಿ? 60,000 ಅಲ್ಲ. ನೂರು ಚೀಲದ 1,10,000, ಕಿಟ್‌ಗಳ 67,500, ಒಟ್ಟು 1,77,500. ಗುರಿ 60,000 ಅಂತ ಹಾಕಿದರೆ ಅದು ತುಂಬಿದ ದಿನ ಜನ ‘ಆಯ್ತಲ್ಲ’ ಅಂತ ಎದ್ದು ಹೋಗುತ್ತಾರೆ, ನಿಮ್ಮ ಕೈಯಲ್ಲಿ ಆಗ ಉಳಿಕೆ ಇಪ್ಪತ್ತು ಸಾವಿರದ ಆಸುಪಾಸು.

ಹಂತ 5: ಎಲ್ಲಿ ಕೇಳುವುದು

ಮಿಲಾಪ್, ಕೆಟ್ಟೊ ಅನ್ನುವ ಕ್ರೌಡ್‌ಫಂಡಿಂಗ್ ವೇದಿಕೆಗಳ (ಜಾಲತಾಣಗಳ) ಹೆಸರು ಎಲ್ಲರಿಗೂ ಗೊತ್ತು. ಅಲ್ಲಿಗೆ ಬರುವವರು ಹೆಚ್ಚಾಗಿ ಆಸ್ಪತ್ರೆ ಖರ್ಚಿಗೆ, ಸಮಾಜಸೇವೆಗೆ ಕೊಡುವ ಮನಸ್ಸಿನಿಂದ ಬರುತ್ತಾರೆ. ಮಗುವಿನ ಆಪರೇಷನ್ ಪಕ್ಕದಲ್ಲಿ ನಿಮ್ಮ ಕೈಚೀಲ ಇಡುವುದು ನನಗಂತೂ ಸರಿ ಕಾಣುವುದಿಲ್ಲ. ಅಮೆರಿಕದ ವೇದಿಕೆ ಕಿಕ್‌ಸ್ಟಾರ್ಟರ್‌ನಲ್ಲಿ ಯೋಜನೆ ತೆರೆಯೋಕೆ ಅವರ ಪಟ್ಟಿಯಲ್ಲಿರುವ ದೇಶದ ನಿವಾಸಿಯಾಗಿರಬೇಕು. ಆ ಪಟ್ಟಿಯಲ್ಲಿ ಭಾರತ ಇಲ್ಲ. ಅಮೆರಿಕದ ಅಳಿಯನ ಹೆಸರಲ್ಲಿ ತೆರೆಯೋಣ ಅಂದರೆ, ಆ ದುಡ್ಡಿನ ತೆರಿಗೆ, ಹೊಣೆ ಎಲ್ಲ ಅಳಿಯನ ತಲೆಗೆ.

ಎರಡು ಲಕ್ಷದ ಒಳಗಿನ ಗುರಿಗೆ ವೇದಿಕೆಯೇ ಬೇಡ. ಯಾವುದಾದರೂ ಪಾವತಿ ಗೇಟ್‌ವೇ (ಆನ್‌ಲೈನ್ ಪಾವತಿ ಪಡೆದುಕೊಡುವ) ಕಂಪನಿಯ ಪಾವತಿ ಪುಟ, ಒಂದು ಗೂಗಲ್ ಫಾರ್ಮ್, ಒಂದು ಎಕ್ಸೆಲ್ ಹಾಳೆ ಸಾಕು. ವೇದಿಕೆಯಲ್ಲಿ ನಿಮಗಾಗಿ ಯಾರೂ ಕಾದು ಕೂತಿರುವುದಿಲ್ಲ, ಜನರನ್ನು ನೀವೇ ಕರೆದುಕೊಂಡು ಹೋಗಬೇಕು. ಗುರಿ ಮುಟ್ಟದಿದ್ದರೆ ಪೂರ್ತಿ ದುಡ್ಡು ವಾಪಸ್ ಅಂತ ಮಾತ್ರ ಮೊದಲೇ ಬರೆಯಿರಿ, ಗುರಿ ಮುಟ್ಟುವವರೆಗೆ ಒಂದು ರೂಪಾಯಿ ಮುಟ್ಟಬೇಡಿ. ಆಮೇಲೆ, ಪುಟ ತೆರೆದ ಮರುದಿನವೇ ‘ನಿಮಗೆ ಐನೂರು ಜನ ಬೆಂಬಲಿಗರನ್ನು ತರುತ್ತೇವೆ, ಮುಂಗಡ ಇಷ್ಟು ಕೊಡಿ’ ಅಂತ ಮೆಸೇಜ್ ಬರುತ್ತದೆ. ಬ್ಲಾಕ್ ಮಾಡಿ.

ಹಂತ 6: ವಿಡಿಯೊ

ಮೊಬೈಲ್, ಕಿಟಕಿ ಬೆಳಕು, ಒಂದೂವರೆ ನಿಮಿಷ, ಹಿನ್ನೆಲೆ ಸಂಗೀತ ಬೇಡ. ಮುಖಕ್ಕಿಂತ ಬೆರಳು ತೋರಿಸಿ. ಮುಖ್ಯವಾಗಿ ಬಟ್ಟೆಯನ್ನು ತಿರುಗಿಸಿ ಹಿಂಬದಿ ತೋರಿಸಿ. ಕಸೂತಿಯ ಗಾವಂತಿ, ಮುರಗಿ ಅನ್ನುವ ಹೊಲಿಗೆಗಳು ಎರಡೂ ಕಡೆ ಒಂದೇ ಥರ ಕಾಣುತ್ತವೆ. ಯಂತ್ರದ್ದಕ್ಕೆ ಹಿಂದೆ ದಾರದ ಗೋಜಲೋ, ಅಂಟಿಸಿದ ಕಾಗದವೋ ಇರುತ್ತದೆ. 1,100 ಯಾಕೆ ಅಂತ ಕೇಳುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಇಲ್ಲ.

ಹಂತ 7: ಶುರು ಮಾಡುವ ದಿನ

ಪುಟ ತೆರೆಯುವ ಮೊದಲೇ ಗುರಿಯ ಮೂರನೇ ಒಂದು ಭಾಗಕ್ಕೆ ಗಟ್ಟಿ ಮಾತು ತೆಗೆದುಕೊಳ್ಳಿ. ಫೋನ್ ಮಾಡಿ, ಒಬ್ಬೊಬ್ಬರಿಗೂ. ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ನಂಬಿ ಕೂರಬೇಡಿ, ನಿಮ್ಮ ನಂಬರ್ ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಗುಂಪುಗಳಲ್ಲಿ ಹಾಕಿದರೆ ನೂರು ಹೆಬ್ಬೆರಳು ಬರುತ್ತವೆ, ಬುಕಿಂಗ್ ಎರಡು ಬರುತ್ತದೆ. ಮೊದಲ ಎರಡು ದಿನ ಪುಟ ಖಾಲಿ ಕಂಡರೆ ಹೊಸಬರು ದುಡ್ಡು ಹಾಕೋಕೆ ಹಿಂದೆಮುಂದೆ ನೋಡುತ್ತಾರೆ.

ತಿಂಗಳ ಮೊದಲ ವಾರ ಶುರು ಮಾಡಿ, ಸಂಬಳ ಬಂದಿರುತ್ತದೆ. ಮೂವತ್ತು ದಿನ ಸಾಕು. ಆಷಾಢ ಬೇಡ ಅನ್ನುವ ಹಿರಿಯರ ಮಾತನ್ನು ಇಲ್ಲಿ ನಾನು ಒಪ್ಪುವುದಿಲ್ಲ. ಮದುವೆ, ಗೃಹಪ್ರವೇಶದ ಖರ್ಚಿಲ್ಲದ ತಿಂಗಳು ಅದು, ಜನರ ಕೈಯಲ್ಲಿ ಸ್ವಲ್ಪ ದುಡ್ಡಿರುತ್ತದೆ. ಆದರೆ ಚೀಲ ‘ದೀಪಾವಳಿಗೆ ಗ್ಯಾರಂಟಿ’ ಅಂತ ಮಾತ್ರ ಬರೆಯಬೇಡಿ. ಹಬ್ಬದ ವಾರ ಕೊರಿಯರ್‌ನವರ ಕೈಗೂ ಬಿಡುವಿರುವುದಿಲ್ಲ.

ಹಂತ 8: ಕಳಿಸುವುದು

ಎಲ್ಲ ಮುಗಿಸಿ ಒಂದೇ ಸಲ ಕಳಿಸುತ್ತೇವೆ ಅನ್ನಬೇಡಿ. ಕಿಟ್ ಮೊದಲು ಹೋಗಲಿ, ಚೀಲ ಇಪ್ಪತ್ತಿಪ್ಪತ್ತರಂತೆ ಬುಕ್ ಮಾಡಿದ ಕ್ರಮದಲ್ಲಿ. ಹದಿನೈದು ದಿನಕ್ಕೊಮ್ಮೆ ಫೋಟೊ ಸಮೇತ ಎರಡು ಸಾಲು ಬರೆಯಿರಿ. ತಡವಾಗುವುದು ಗೊತ್ತಾದ ದಿನವೇ ತಿಳಿಸಿ, ಜನ ಕಾಯುತ್ತಾರೆ. ಫೋನ್ ಎತ್ತದವರ ಮೇಲೆ ಮಾತ್ರ ಸಿಟ್ಟಾಗುತ್ತಾರೆ.

ಅಮೆರಿಕಕ್ಕೆ ಕಳಿಸುವ ಮುನ್ನ ಯೋಚಿಸಿ. 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ಸುಂಕ ವಿನಾಯಿತಿಯನ್ನು ಆ ದೇಶ 2025ರ ಆಗಸ್ಟ್‌ನಲ್ಲಿ ತೆಗೆದುಹಾಕಿತು. ಅಲ್ಲಿನವರು ಬುಕ್ ಮಾಡಿದರೆ ಊರಿನ ಅಪ್ಪ ಅಮ್ಮನ ವಿಳಾಸ ಕೇಳಿ, ರಜೆಗೆ ಬಂದಾಗ ಒಯ್ಯುತ್ತಾರೆ.

ನೂರು ಚೀಲಕ್ಕೆ 104 ಹೊಲಿದಿಡಿ. ದಾರಿಯಲ್ಲಿ ಒಂದೆರಡು ಪಾರ್ಸೆಲ್ ಕಳೆಯುತ್ತವೆ, ಒಂದೆರಡು ಮಳೆಯಲ್ಲಿ ನೆನೆದು ಮುಟ್ಟುತ್ತವೆ. ದೂರು ಬಂದ ದಿನವೇ ಬದಲಿ ಕಳಿಸಬೇಕು. ಆ ನಾಲ್ಕನ್ನು ಯಾರು ಎಷ್ಟು ಕೇಳಿದರೂ, ನಿಮ್ಮ ತಂಗಿಯೇ ಕೇಳಿದರೂ, ಕೊನೆಯ ಪಾರ್ಸೆಲ್ ಮುಟ್ಟುವ ತನಕ ಕೊಡಬೇಡಿ.