ಉಷ್ಣಗತಿವಿಜ್ಞಾನದ ತರಗತಿಯಲ್ಲಿ ಪರಿಕಲ್ಪನಾ ನಕ್ಷೆಯ ಬಳಕೆ

ಉಷ್ಣ ಮತ್ತು ಕೆಲಸಗಳಿಂದ ವ್ಯವಸ್ಥೆಯ ಆಂತರಿಕ ಶಕ್ತಿ ಎಷ್ಟು ಬದಲಾಗುತ್ತದೆ ಎಂದು ಹೇಳುವ ಉಷ್ಣಗತಿವಿಜ್ಞಾನದ ಮೊದಲ ನಿಯಮದ ಲೆಕ್ಕಗಳನ್ನು ಸರಿಯಾಗಿ ಬಿಡಿಸುವ ವಿದ್ಯಾರ್ಥಿಯೂ ‘ಈ ಅನಿಲದಲ್ಲಿ ಎಷ್ಟು ಉಷ್ಣವಿದೆ?’ ಎಂದು ಕೇಳುವುದುಂಟು. ಉಷ್ಣವು ವ್ಯವಸ್ಥೆಯ ಗಡಿಯನ್ನು ದಾಟುವಾಗ ಮಾತ್ರ ಇರುವ ಶಕ್ತಿಯೆಂಬುದೂ, ಅನಿಲದೊಳಗೆ ಇರುವುದು ಆಂತರಿಕ ಶಕ್ತಿಯೆಂಬುದೂ ಅವನಿಗೆ ಸ್ಪಷ್ಟವಾಗಿಲ್ಲ. ಆದರೆ ಉತ್ತರಪತ್ರಿಕೆಯಲ್ಲಿ ಆ ಗೊಂದಲ ಕಾಣುವುದಿಲ್ಲ. ಅದನ್ನು ಹೊರಗೆಳೆಯಲು ಪರಿಕಲ್ಪನಾ ನಕ್ಷೆ, ಅಂದರೆ ಪರಿಕಲ್ಪನೆಗಳನ್ನು ಚೌಕಗಳಲ್ಲಿ ಬರೆದು ಅವುಗಳ ಸಂಬಂಧವನ್ನು ಬಾಣಗಳಿಂದ ತೋರಿಸುವ ಚಿತ್ರ, ಬಹಳ ಉಪಯುಕ್ತವಾದ ಸಾಧನ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಅವರ ಸಂಗಡಿಗರು 1972ರಲ್ಲಿ ಇದನ್ನು ರೂಪಿಸಿದ್ದೂ ಮಕ್ಕಳ ವಿಜ್ಞಾನದ ತಿಳಿವಳಿಕೆ ಹೇಗೆ ಬದಲಾಗುತ್ತದೆ ಎಂಬುದನ್ನು ಗುರುತಿಸುವುದಕ್ಕಾಗಿಯೇ.

ನಕ್ಷೆಗೆ ಮೊದಲು ಒಂದು ಕೇಂದ್ರ ಪ್ರಶ್ನೆ ಬೇಕು. ‘ಉಷ್ಣಗತಿವಿಜ್ಞಾನ’ ಎಂದಷ್ಟೇ ಶೀರ್ಷಿಕೆ ಕೊಟ್ಟರೆ ಪಠ್ಯಪುಸ್ತಕದ ಪರಿವಿಡಿಯೇ ಚಿತ್ರವಾಗಿ ಬರುತ್ತದೆ. ಅದರ ಬದಲು ‘ಪಿಸ್ಟನ್ ಇರುವ ಮುಚ್ಚಿದ ಸಿಲಿಂಡರ್‌ನಲ್ಲಿ ಅನಿಲದ ತಾಪಮಾನ ಯಾವ ಯಾವ ಕಾರಣದಿಂದ ಬದಲಾಗುತ್ತದೆ?’ ಎಂದು ಕೇಳಿ, ವ್ಯವಸ್ಥೆ, ಗಡಿ, ಪರಿಸರ, ಉಷ್ಣ, ಕೆಲಸ, ಆಂತರಿಕ ಶಕ್ತಿ, ತಾಪಮಾನ, ಒತ್ತಡ, ಘನಗಾತ್ರ ಎಂಬ ಪದಗಳನ್ನು ಹಲಗೆಯ ಮೇಲೆ ಬರೆಯಬೇಕು. ಶಿಕ್ಷಕರು ತಮ್ಮ ನಕ್ಷೆಯನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳಬೇಕು, ಆದರೆ ಅದನ್ನು ತೋರಿಸಬಾರದು. ಸಿದ್ಧ ನಕ್ಷೆಯನ್ನು ಸ್ಲೈಡಿನಲ್ಲಿ ಕಂಡ ವಿದ್ಯಾರ್ಥಿ ಅದನ್ನೂ ಪರೀಕ್ಷೆಗೆ ಬಾಯಿಪಾಠ ಮಾಡುತ್ತಾನೆ.

ಪದಗಳನ್ನು ಸಣ್ಣ ಚೀಟಿಗಳಲ್ಲಿ ಬರೆಸಿದರೆ ಅತ್ತಿತ್ತ ಸರಿಸಿ ನೋಡುವುದು ಸುಲಭ. ಹೆಚ್ಚು ವ್ಯಾಪಕವಾದ ಪರಿಕಲ್ಪನೆ ಮೇಲೆ, ನಿರ್ದಿಷ್ಟವಾದದ್ದು ಕೆಳಗೆ ಬರಲಿ. ಆಮೇಲೆ ಬಾಣಗಳನ್ನು ಎಳೆಯಬೇಕು, ಪ್ರತಿ ಬಾಣದ ಮೇಲೂ ಸಂಬಂಧವನ್ನು ಹೇಳುವ ಮಾತು ಇರಲೇಬೇಕು. ಈ ನಿಯಮವನ್ನು ಎಂದೂ ಸಡಿಲಿಸಬಾರದು. ಬರಿಯ ಗೆರೆ ‘ಇವೆರಡಕ್ಕೂ ಏನೋ ನಂಟಿದೆ’ ಎನ್ನುತ್ತದೆಯೇ ಹೊರತು ಆ ನಂಟು ಯಾವುದೆಂದು ಹೇಳುವುದಿಲ್ಲ. ತಪ್ಪು ತಿಳಿವಳಿಕೆ ಅಡಗುವುದು ಅಲ್ಲಿಯೇ. ಇಂಗ್ಲಿಷಿನಲ್ಲಿ ತಡವರಿಸುವವರು ಬಾಣದ ಮಾತನ್ನು ಕನ್ನಡದಲ್ಲಿಯೇ ಬರೆಯಲಿ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ‘ಉಷ್ಣ, ದಾಟುತ್ತದೆ, ಗಡಿಯನ್ನು’ ಎಂಬ ಕ್ರಮ ಮೊದಲು ವಿಚಿತ್ರವೆನಿಸಿದರೂ, ಅದನ್ನು ಪೂರ್ಣ ವಾಕ್ಯವಾಗಿ ತಿರುಗಿಸಿ ಓದುವ ರೂಢಿ ಬೇಗ ಬರುತ್ತದೆ.

ಮೊದಲು ಒಬ್ಬೊಬ್ಬರಾಗಿ ಬರೆಯಲಿ, ನಂತರ ಇಬ್ಬಿಬ್ಬರು ನಕ್ಷೆಗಳನ್ನು ಬದಲಿಸಿಕೊಂಡು ಪ್ರತಿ ಬಾಣವನ್ನೂ ವಾಕ್ಯವಾಗಿ ಗಟ್ಟಿಯಾಗಿ ಓದಲಿ. ಅನೇಕರ ನಕ್ಷೆಯಲ್ಲಿ ತಾಪಮಾನಕ್ಕೆ ಬರುವ ಬಾಣ ಒಂದೇ ಇರುತ್ತದೆ: ಉಷ್ಣವು ತಾಪಮಾನವನ್ನು ಹೆಚ್ಚಿಸುತ್ತದೆ. ಆಗ ಶಿಕ್ಷಕರು ತಿದ್ದದೆ ಎರಡು ಪ್ರಶ್ನೆ ಕೇಳಿದರೆ ಸಾಕು. ಡೀಸೆಲ್ ಎಂಜಿನಿನಲ್ಲಿ ಗಾಳಿಯನ್ನು ಒತ್ತಿದಾಗಲೇ ಇಂಧನ ಹೊತ್ತಿಕೊಳ್ಳುವಷ್ಟು ಬಿಸಿ ಎಲ್ಲಿಂದ ಬಂತು? ಕುದಿಯುವ ನೀರಿಗೆ ಉಷ್ಣ ಕೊಡುತ್ತಲೇ ಇದ್ದರೂ ತಾಪಮಾನ ಏಕೆ ಏರುವುದಿಲ್ಲ? ಮೊದಲನೆಯದಕ್ಕೆ ಉತ್ತರ ಹುಡುಕುವವನು ಕೆಲಸದಿಂದ ಆಂತರಿಕ ಶಕ್ತಿಗೆ, ಅಲ್ಲಿಂದ ತಾಪಮಾನಕ್ಕೆ ಅಡ್ಡ ಬಾಣಗಳನ್ನು ತಾನೇ ಎಳೆಯುತ್ತಾನೆ. ಎರಡನೆಯದು ಅವನ ಹಳೆಯ ಬಾಣಕ್ಕೆ ಒಂದು ಷರತ್ತನ್ನು ಸೇರಿಸುತ್ತದೆ. ನಕ್ಷೆಯ ದೂರದ ಭಾಗಗಳನ್ನು ಬೆಸೆಯುವ ಇಂತಹ ಅಡ್ಡ ಬಾಣಗಳೇ ನನ್ನ ದೃಷ್ಟಿಯಲ್ಲಿ ಇಡೀ ಚಟುವಟಿಕೆಯ ಫಲ.

ಅಂಕ ಕೊಡುವುದಾದರೆ ಚೌಕಗಳನ್ನು ಎಣಿಸಬಾರದು, ಅಂದವನ್ನೂ ನೋಡಬಾರದು. ಪ್ರತಿ ವಾಕ್ಯ ಸರಿಯೇ, ಅರೆಸರಿಯೇ, ತಪ್ಪೇ ಎಂದು ಗುರುತಿಸಬೇಕು. ದೊಡ್ಡ ತರಗತಿಯಲ್ಲಿ ಎಲ್ಲವನ್ನೂ ತಿದ್ದಲು ಸಮಯವಿಲ್ಲದಿದ್ದರೆ ಉಷ್ಣ, ಆಂತರಿಕ ಶಕ್ತಿ, ತಾಪಮಾನಗಳ ನಡುವಿನ ಬಾಣಗಳನ್ನಷ್ಟೇ ಓದಿದರೂ ತರಗತಿಯ ಸ್ಥಿತಿ ತಿಳಿಯುತ್ತದೆ. ಸಿಮ್ಯಾಪ್‌ಟೂಲ್ಸ್‌ನಂತಹ ಉಚಿತ ತಂತ್ರಾಂಶಗಳಿವೆ, ಆದರೆ ಮೊದಲ ನಕ್ಷೆಗೆ ಕಾಗದ ಮತ್ತು ಪೆನ್ಸಿಲ್ಲೇ ಒಳ್ಳೆಯದು.

ಈ ಹಾಳೆಗಳನ್ನು ಹಿಂದಿರುಗಿಸುವಾಗ ಜೋಪಾನವಾಗಿ ಇಟ್ಟುಕೊಳ್ಳಲು ಹೇಳಬೇಕು. ಎರಡನೆಯ ನಿಯಮದ ಪಾಠ ಮುಗಿದಾಗ ಅದೇ ನಕ್ಷೆಗೆ ಬೇರೆ ಬಣ್ಣದ ಶಾಯಿಯಲ್ಲಿ ‘ಎಂಟ್ರೊಪಿ’ಯನ್ನು (ಶಕ್ತಿ ಎಷ್ಟು ಹರಡಿಕೊಂಡಿದೆ ಎಂಬುದರ ಅಳತೆಯನ್ನು) ಸೇರಿಸಿ, ಅದರಿಂದ ಹಳೆಯ ಪರಿಕಲ್ಪನೆಗಳಿಗೆ ಕನಿಷ್ಠ ಮೂರು ಬಾಣಗಳನ್ನು ಎಳೆಯಲು ಹೇಳಬೇಕು.